ಗಿಡ ಏರಿದ ಕ್ಯಾಶಿಯರ್

ಹುನ್ನೂರಿನ ರೇವಪ್ಪನ ಮಗ ದಶರಥ ಹನ್ನೆರಡು ವರ್ಷ ತುಂಬುವ ತನಕ ಜೋಳದ ಹೊಲದಲ್ಲಿ ಅಟ್ಟದ ಮೇಲೆ ಕೂತು ಹಕ್ಕಿ ಕಾದವನು. ನಾಲ್ಕು ಬಲ್ಲಿ ಕಂಬಗಳ ಮೇಲೆ ಹಲಗೆ ಹಾಕಿದ ಅಟ್ಟ, ಕೈಯಲ್ಲಿ ಕವಣಿ, ತಲೆಯ ಮೇಲೆ ಬಿಸಿಲು. ಸುಗ್ಗಿ ಮುಗಿದ ಮೇಲೆ ಅಪ್ಪನ ಕುರಿಯ ಹಿಂಡು ಯಾರ ಹೊಲದಲ್ಲಿ ತಂಗಿದರೆ ಅಲ್ಲೇ ಕಂಬಳಿ ಹೊದ್ದು ಮಲಗಿದವನು. ಆಮೇಲೆ ಜಮಖಂಡಿಯ ಹಾಸ್ಟೆಲ್ಲಿನಲ್ಲಿದ್ದು ಓದಿ, ಬಿ.ಕಾಂ. ಮುಗಿಸಿ, ಪರೀಕ್ಷೆ ಬರೆದು ಬ್ಯಾಂಕಿನಲ್ಲಿ ಕ್ಯಾಶಿಯರ್ ಆದ. ಆದ ದಿನದಿಂದ ಅಟ್ಟ, ಕುರಿ, ಕಂಬಳಿ ಈ ಮೂರು ಮಾತು ಅವನ ಬಾಯಿಂದ ಯಾರೂ ಕೇಳಲಿಲ್ಲ. ಜಮಖಂಡಿಯ ಬಾಡಿಗೆ ಮನೆಯಲ್ಲಿ ಎರಡು ಫ್ಯಾನು, ಸೊಳ್ಳೆ ಪರದೆ, ಸ್ಪ್ರಿಂಗಿನ ಮಂಚ. ಅವ್ವ ಲಗಮವ್ವ ಊರಿಂದ ಹೊಸ ಕಂಬಳಿ ಹೊತ್ತು ತಂದರೆ ಮೈಗೆ ಚುಚ್ಚುತ್ತದೆ ಎಂದು ಅದನ್ನು ಸ್ಕೂಟರಿನ ಮೇಲೆ ಹೊದಿಸುತ್ತಿದ್ದ. ಅಪ್ಪ ಏನು ಮಾಡುತ್ತಾನೆ ಎಂದು ಬ್ಯಾಂಕಿನವರು ಕೇಳಿದರೆ ಒಕ್ಕಲುತನ ಎನ್ನುತ್ತಿದ್ದ.

ಇಂಥ ದಶರಥ, ಸಾವಿರದ ಒಂಬೈನೂರ ತೊಂಬತ್ತಾರರ ಸಂಕ್ರಾಂತಿಯ ಮುಂದೆ, ಹೆಂಡತಿಯನ್ನು ಕರೆದುಕೊಂಡು ಹೋಗಿ ನಾಲ್ಕು ದಿನ ಗಿಡದ ಮೇಲೆ ಇರುವುದಾಗಿ ನಿಶ್ಚಯ ಮಾಡಿದ.

ಮ್ಯಾನೇಜರ ಸಾಹೇಬರ ಟೇಬಲ್ಲಿನ ಮೇಲಿದ್ದ ಇಂಗ್ಲಿಷ್ ಮ್ಯಾಗಜಿನ್ನಿನಲ್ಲಿ ಅವನು ಅದನ್ನು ನೋಡಿದ್ದು. ಕೇರಳದ ಗುಡ್ಡದ ತೋಟದಲ್ಲಿ ನೆಲದಿಂದ ನಲವತ್ತು ಅಡಿ ಮೇಲೆ ದೊಡ್ಡ ಮರದ ಟೊಂಗೆಗಳ ನಡುವೆ ಕಟ್ಟಿದ ಮನೆ. ಒಳಗೆ ಟೊಪ್ಪಿಗೆ ಹಾಕಿದ ಬಿಳಿಯ ಹೆಂಗಸೊಬ್ಬಳು ಚಹಾ ಕುಡಿಯುತ್ತಿದ್ದಳು. ಆ ಚಿತ್ರವನ್ನು ಕತ್ತರಿಸಿ ಪಾಕೀಟಿನಲ್ಲಿ, ಹೆಂಡತಿಯ ಫೋಟೋ ಇಡಬೇಕಾದ ಜಾಗದಲ್ಲಿ ಇಟ್ಟುಕೊಂಡ. ಬ್ಯಾಂಕಿನವರು ನಾಲ್ಕು ವರ್ಷಕ್ಕೊಮ್ಮೆ ಕೊಡುವ ಪ್ರವಾಸದ ರಜೆ ಮಾರ್ಚಿಗೆ ಮುಗಿದುಹೋಗುವುದರಲ್ಲಿತ್ತು. ಉಳಿದವರು ಕಾಶಿಗೋ ತಿರುಪತಿಗೋ ಹೋಗಿಬಂದು ಪ್ರಸಾದ ಹಂಚುತ್ತಿದ್ದರು. ದಶರಥನಿಗೆ ಪ್ರಸಾದ ಹಂಚುವವರ ಸಾಲಿನಲ್ಲಿ ನಿಲ್ಲುವ ಮನಸ್ಸಿರಲಿಲ್ಲ.

ಅವನ ಹೆಂಡತಿ ಹೊಳೆವ್ವ. ಹೆಸರು ರಬಕವಿಯ ಅಜ್ಜಿಯದು, ಓದು ಮಾತ್ರ ಹುಬ್ಬಳ್ಳಿಯದು. ಅಪ್ಪ ರೈಲ್ವೆಯಲ್ಲಿ ಗಾರ್ಡ್ ಆಗಿದ್ದರು. ನೀರನ್ನು ಗಡಿಯಾರ ನೋಡಿ ಇಪ್ಪತ್ತು ನಿಮಿಷ ಕುದಿಸುವವಳು, ಥರ್ಮಾಮೀಟರನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುವವಳು. ಹದಿನಾಲ್ಕು ತಿಂಗಳ ಮಗಳು ಅನ್ನವ್ವ ಎರಡು ಸಲ ಸೀನಿದರೆ ಮೂರನೆಯ ಸೀನಿಗೆ ಚೀಲ ತೆಗೆದುಕೊಂಡು ಡಾಕ್ಟರ ಬಾಗಿಲಲ್ಲಿ ನಿಂತಿರುತ್ತಿದ್ದಳು.

ಚಿತ್ರ ತೋರಿಸಿದಾಗ ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ಗಿಡದ ಮ್ಯಾಲ ಮಂಗ್ಯಾ ಇರತಾವ್ರೀ. ನಮಗೇನ ಬಾಲ ಐತಿ?"

ಇದು ನೇಚರು, ನಿನಗೆ ತಿಳಿಯುವುದಿಲ್ಲ ಎಂದ ದಶರಥ. ಹುಬ್ಬಳ್ಳಿಯಲ್ಲಿ ಸಿಮೆಂಟಿನ ನಡುವೆ ಬೆಳೆದವಳು ಎಂದೂ ಸೇರಿಸಿದ. ನೇಚರಿನಲ್ಲಿ ಬೆಳೆದವನು ಅದನ್ನು ತೊಳೆದುಕೊಳ್ಳಲು ಸಾಬೂನು ಸವೆಸುವುದನ್ನು ಆರು ವರ್ಷದಿಂದ ಕಣ್ಣಾರೆ ಕಂಡ ಹೊಳೆವ್ವ ಚಿತ್ರವನ್ನು ಅವನ ಪಾಕೀಟಿಗೆ ತುರುಕಿದಳು.

ತೋಟದವರು ಕಳಿಸಿದ ಪತ್ರದಲ್ಲಿ ಒಂದು ನಿಯಮವಿತ್ತು. ಐದು ವರ್ಷದ ಒಳಗಿನ ಮಕ್ಕಳನ್ನು ಗಿಡದ ಮೇಲೆ ಬಿಡುವುದಿಲ್ಲ. ಮಾತು ಅಲ್ಲಿಗೇ ಮುಗಿಯಿತು ಎಂದು ಹೊಳೆವ್ವ ತಿಳಿದಳು. ಆದರೆ ಲಗಮವ್ವ ಹುನ್ನೂರಿನಿಂದ ತಾನಾಗಿಯೇ ಬಂದು, ಕೂಸನ್ನು ನಾನು ನೋಡಿಕೊಳ್ಳುತ್ತೇನೆ, ಐದು ಹಡೆದವಳು ನಾನು, ಹೋಗಿಬರ್ರಿ ಎಂದುಬಿಟ್ಟಳು. ಎದೆಹಾಲು ಬಿಡಿಸಿ ತಿಂಗಳಾಗಿತ್ತು. ಆ ನೆವವೂ ಉಳಿದಿರಲಿಲ್ಲ. ಖರೆ ಹೇಳಬೇಕೆಂದರೆ, ಹದಿನಾಲ್ಕು ತಿಂಗಳಿಂದ ಒಂದು ರಾತ್ರಿಯೂ ಪೂರಾ ನಿದ್ದೆ ಕಾಣದವಳಿಗೆ ನಾಲ್ಕು ದಿನ ಎಂಬ ಮಾತು ಬಹಳ ಸಿಹಿಯಾಗಿ ಕೇಳಿಸಿತ್ತು. ಹೂಂ ಅಂದಳು. ಅಂದ ಮೇಲೆ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದಳು. ತಾವು ಗಿಡದ ಮೇಲೆ ಇರುವ ಶನಿವಾರದ ಚೌಕದಲ್ಲಿ ಕರೀ ಉಂಡಿ ಅಚ್ಚಾಗಿತ್ತು. ಅವರಾತ್ರಿ ಅಮಾವಾಸ್ಯೆ.

ಅಂದ ಹೂಂ ಅನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿದ್ದರೆ ಆಗಲೇ ತೆಗೆದುಕೊಳ್ಳುತ್ತಿದ್ದಳು.

ಕಾರಣ ಹುಲೆಪ್ಪ. ಹುನ್ನೂರಿನಲ್ಲಿ ಕಂಬಳಿ ನೇಯುವ ಈ ಮುದುಕ ಅಮಾವಾಸ್ಯೆಯ ದಿನ ಕೂಸುಗಳಿಗೆ ಚುಟಿಗೆ ಹಾಕುತ್ತಿದ್ದ. ಸೆಗಣಿ ಕುಳ್ಳಿನ ಕೆಂಡದಲ್ಲಿ ಕಬ್ಬಿಣದ ಸಣ್ಣ ಸಳಿಯನ್ನು ಕೆಂಪಗೆ ಕಾಯಿಸಿ ಕೂಸಿನ ಹೊಕ್ಕಳ ಸುತ್ತ ನಾಲ್ಕು ಕಡೆ ಮುಟ್ಟಿಸುವುದು. ಹೊಟ್ಟೆ ಉಬ್ಬುವ ಕೂಸಿಗೆ, ಭೇದಿಯ ಕೂಸಿಗೆ, ಸುಮ್ಮನೆ ಅಳುವ ಕೂಸಿಗೆ, ಎಲ್ಲಕ್ಕೂ ಅದೇ ಮದ್ದು. ಅದಕ್ಕೆ ಅವನು ಒಂದು ಕಾಸು ಮುಟ್ಟುತ್ತಿರಲಿಲ್ಲ, ಬೀರೇಶ್ವರನ ಸೇವೆ ಎನ್ನುತ್ತಿದ್ದ. ರೇವಪ್ಪನ ಮನೆತನದಲ್ಲಿ ಚುಟಿಗೆ ಹಾಕಿಸಿಕೊಳ್ಳದ ಹೊಟ್ಟೆ ಇರಲಿಲ್ಲ. ದಶರಥನ ಹೊಕ್ಕಳ ಸುತ್ತಲೂ ಹುಣಸೆಬೀಜದಷ್ಟಗಲದ ನಾಲ್ಕು ಬಿಳಿಕಲೆ ಇದ್ದವು. ಅನ್ನವ್ವನಿಗೆ ಹಲ್ಲು ಬರುವ ಸಮಯ. ಹೊಟ್ಟೆ ಉಬ್ಬುತ್ತಿತ್ತು, ವಾರಕ್ಕೊಮ್ಮೆ ಭೇದಿ. ಜಮಖಂಡಿಗೆ ಬಂದಾಗಲೆಲ್ಲ ಲಗಮವ್ವ ಕೂಸಿನ ಹೊಟ್ಟೆಯನ್ನು ಬೆರಳಿಂದ ತಟ್ಟಿ, ನಾಲ್ಕು ಸಲ ಮುಟ್ಟಿಸಿದರೆ ಆಯಿತು, ಈ ಜನ್ಮದಲ್ಲಿ ಹೊಟ್ಟೆ ಅನ್ನುವುದಿಲ್ಲ ಎನ್ನುತ್ತಿದ್ದಳು. ಹೊಳೆವ್ವ ಕೂಸನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕುತ್ತಿದ್ದಳು.

ಈಗ ಹಾಕಲು ಬಾಗಿಲು ಎಲ್ಲಿದೆ?

ಹೊರಡುವ ಮಂಗಳವಾರ ಕೂಸನ್ನು ಬಿಡಲು ಹೋದಾಗ ಹುನ್ನೂರಿನ ಅಂಗಳದಲ್ಲಿ ಅವಳು ದಶರಥನಿಗೆ ಒಂದೇ ಮಾತು ಹೇಳಿದಳು: ನಿಮ್ಮ ಅವ್ವನಿಗೆ ನೀವೇ ಹೇಳಬೇಕು, ಚುಟಿಗೆ ಹಾಕಿಸಬಾರದು ಎಂದು ಬಾಯಿಬಿಟ್ಟು ಹೇಳಬೇಕು. ನಾನು ಹೇಳಿದರೆ ಸಾಲಿ ಕಲಿತ ಸೊಕ್ಕು ಅಂತಾರೆ. ದಶರಥ ಒಳಗೆ ಹೋದ. ಒಂದು ತಂಬಿಗೆ ನೀರು ಕುಡಿಯುವಷ್ಟು ಹೊತ್ತಿನಲ್ಲಿ ಹೊರಗೆ ಬಂದ. ಹೇಳಿದೆ ಎಂದ. ಏನಂದರು ಎಂದು ಕೇಳಿದರೆ ಹೂಂ ಅಂದಳು ಎಂದ. ಲಗಮವ್ವ ಹುಟ್ಟಿದಾಗಿನಿಂದ ಯಾವ ಮಾತಿಗೂ ಬರೀ ಹೂಂ ಅಂದವಳಲ್ಲ. ಹೊಳೆವ್ವನಿಗೆ ಅಷ್ಟು ಗೊತ್ತಿತ್ತು. ಆದರೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು, ಕೂಸು ಅಜ್ಜಿಯ ತೊಡೆಯ ಮೇಲೆ ಬೆಲ್ಲ ನೆಕ್ಕುತ್ತಿತ್ತು. ಅವಳು ಬಸ್ಸು ಹತ್ತಿದಳು. ಹುಬ್ಬಳ್ಳಿಯ ತನಕ ತನ್ನನ್ನೇ ಬೈದುಕೊಂಡಳು, ಅಲ್ಲಿಂದ ಮೈಸೂರಿನ ತನಕ ಗಂಡನನ್ನು.

ಬುಧವಾರ ಮಧ್ಯಾಹ್ನ ಜೀಪು ಅವರನ್ನು ಆ ತೋಟದಲ್ಲಿ ಇಳಿಸಿತು. ಖಾಕಿ ಚಡ್ಡಿಯ ಮ್ಯಾನೇಜರನೊಬ್ಬ ಬಂದು ಕಿವಿಯಲ್ಲಿ ಗುಟ್ಟು ಹೇಳುವವನಂತೆ ಪಿಸುಗುಟ್ಟಿ ಸ್ವಾಗತ ಮಾಡಿದ. ಅಲ್ಲಿ ಎಲ್ಲರೂ ಪಿಸುಗುಟ್ಟುವವರೇ. ಹೊಳೆವ್ವ ಉಟ್ಟಿದ್ದ ಬನಹಟ್ಟಿಯ ಕೆಂಪು ಸೀರೆ ನೋಡಿ ಅವನ ಮುಖ ಸಣ್ಣಗಾಯಿತು. ಕೆಂಪು ಕಂಡರೆ ಹಕ್ಕಿಗಳು ಬೆದರುತ್ತವೆ ಎಂದು ಹೇಳಿ ಮಣ್ಣಿನ ಬಣ್ಣದ ಶಾಲು ಕೊಟ್ಟು ಮೈತುಂಬ ಹೊದೆಯಲು ಹೇಳಿದ. ಮದುವೆಯ ನಂತರದ ಮೊದಲ ಪ್ರವಾಸಕ್ಕೆಂದು ಪೆಟ್ಟಿಗೆಯಿಂದ ತೆಗೆದ ಸೀರೆ ಹೀಗೆ ಹಕ್ಕಿಗಳ ದೆಸೆಯಿಂದ ಮುಚ್ಚಿಹೋಯಿತು.

ಮೇಲೆ ಹೋಗಲು ಒಂದು ಬಿದಿರಿನ ಬುಟ್ಟಿ. ಹಗ್ಗದ ಇನ್ನೊಂದು ತುದಿಗೆ ದೊಡ್ಡ ಚೀಲ. ಅದಕ್ಕೆ ಝರಿಯ ನೀರು ತುಂಬಿದ ಹಾಗೆ ಭಾರಕ್ಕೆ ಅದು ಕೆಳಗಿಳಿಯುವುದು, ಬುಟ್ಟಿ ಮೇಲೇರುವುದು. ದಶರಥ ಇದರ ತಂತ್ರವನ್ನು ಇಂಗ್ಲಿಷಿನಲ್ಲಿ ವಿವರಿಸಿದ. ಹೊಳೆವ್ವ ಕಣ್ಣುಮುಚ್ಚಿ, ಬಾವಿಯಿಂದ ಸೇದಿದ ಕೊಡದಂತೆ ತುಳುಕುತ್ತ ಮೇಲೆ ಹೋದಳು.

ಮೇಲಿನ ವೈಭವ ಹೀಗಿತ್ತು. ಹಲಗೆಯ ನೆಲ, ಹಲಗೆಗಳ ನಡುವಿನ ಸಂದಿಯಲ್ಲಿ ನಲವತ್ತು ಅಡಿ ಕೆಳಗಿನ ಕಲ್ಲು ಕಾಣುತ್ತಿತ್ತು. ಎದೆಮಟ್ಟ ಬಿದಿರಿನ ಗೋಡೆ, ಅದರ ಮೇಲೆ ಗೋಡೆಯೇ ಇಲ್ಲ. ಫ್ಯಾನಿಲ್ಲ, ದೀಪವಿಲ್ಲ, ಒಂದು ಕಂದೀಲು. ಹಾಸಿಗೆಯ ಮೇಲೆ ಮಡಿಸಿಟ್ಟಿದ್ದು ಒರಟು ಉಣ್ಣೆಯ ಕರೀ ಹೊದಿಕೆ. ದಶರಥ ಅದನ್ನು ಕೆನ್ನೆಗೆ ಒತ್ತಿ, ಪ್ಯೂರ್ ವುಲ್ ಎಂದ. ಹುನ್ನೂರಿನಲ್ಲಿ ಇಂಥವು ಹನ್ನೊಂದಿವೆ, ಸ್ಕೂಟರಿನ ಮೇಲೊಂದಿದೆ ಎಂದು ಹೊಳೆವ್ವ ಲೆಕ್ಕ ಹಾಕಿಕೊಂಡಳು. ಗೋಡೆಗೆ ಒಂದು ಕಾರ್ಡು ತೂಗಿತ್ತು: ಈ ಕಾಡಿನ ಯಜಮಾನರು ಹಕ್ಕಿಗಳು, ನೀವು ಅತಿಥಿಗಳು. ಒಟ್ಟಿನಲ್ಲಿ ಜೋಳದ ಹೊಲದ ಅಟ್ಟವೇ. ಹಣ್ಣಿನ ಬುಟ್ಟಿಯೊಂದು ಹೆಚ್ಚು.

"ಹೆಂಗೈತಿ?" ಎಂದ ದಶರಥ, ತಾನೇ ಕಟ್ಟಿಸಿದವನಂತೆ.

"ನಿಮ್ಮಪ್ಪಗ ಕರಕೊಂಡ ಬರಬೇಕಿತ್ತು. ಏಣಿ ಇಲ್ಲದ ಏರತಿದ್ರು."

ಅವನು ತೋಟದವರು ಕೊಟ್ಟ ದುರ್ಬೀನು ಎತ್ತಿಕೊಂಡು ಕಾಡು ನೋಡತೊಡಗಿದ.

ಊಟಕ್ಕೆ ಎಲೆಯ ಮೇಲೆ ಬೇಯಿಸಿದ ಗೆಣಸು, ಉಪ್ಪಿಲ್ಲದ ಸೊಪ್ಪು. ದಿನಕ್ಕೆ ಆರು ರೊಟ್ಟಿ ತಿನ್ನುವ ದಶರಥ ಅದನ್ನು ಬಾಯಿ ತುಂಬ ಹೊಗಳಿದ. ಆಮೇಲೆ ಹೆಂಡತಿ ಕಟ್ಟಿಕೊಂಡು ಬಂದಿದ್ದ ಶೇಂಗಾ ಚಟ್ನಿಪುಡಿಯ ಡಬ್ಬಿಯನ್ನು ಒಬ್ಬನೇ ಕೂತು ತಳ ಕಾಣಿಸಿದ. ಇನ್ನು ನಿದ್ದೆ ಎಂದರೆ, ಹದಿನಾಲ್ಕು ತಿಂಗಳ ಬಾಕಿ ತೀರಿಸಿಕೊಳ್ಳಬಹುದು ಎಂದುಕೊಂಡಿದ್ದ ಹೊಳೆವ್ವನಿಗೆ ಟೊಂಗೆ ಕಿರುಗುಟ್ಟಿದಾಗಲೆಲ್ಲ ಕೂಸು ಅತ್ತಂತಾಯಿತು.

ಗುರುವಾರ ಬೆಳಿಗ್ಗೆ ಬುಟ್ಟಿಯಲ್ಲಿ ಇಳಿದು, ಆಫೀಸಿನ ಫೋನಿನಿಂದ ಹುನ್ನೂರಿನ ಪೋಸ್ಟಾಫೀಸಿಗೆ ಕರೆ ಮಾಡಿದಳು. ಎತ್ತಿದ್ದು ಪೋಸ್ಟ್ ಮಾಸ್ತರ ಹೊಳಬಸಪ್ಪ. ಅವನು ಒಳ್ಳೆಯ ಮನುಷ್ಯ. ಕೂಸು ಛಲೋ ಐತ್ರಿ, ನಿನ್ನೆ ಎರಡು ಸಲ ಭೇದಿಯಾಗಿತ್ತಂತ, ಏನೂ ಚಿಂತಿ ಮಾಡಬ್ಯಾಡ್ರಿ ಎಂದು ಧೈರ್ಯ ಹೇಳಿದ. ಲಗಮವ್ವನನ್ನು ಕರೆಯುತ್ತೀರಾ ಎಂದು ಕೇಳಿದ್ದಕ್ಕೆ, ಅವಳು ಮನೆಯಲ್ಲಿಲ್ಲ, ಈಗಷ್ಟೇ ಹುಲೆಪ್ಪನ ಮನೆಯ ಕಡೆ ಹೋದಳು ಎಂದ. ಅಷ್ಟರಲ್ಲಿ ಲೈನು ಹೋಯಿತು. ಮತ್ತೆ ಒಂಬತ್ತು ಸಲ ತಿರುಗಿಸಿದರೂ ಸಿಗಲಿಲ್ಲ.

ಅವಳು ಮೇಲೆ ಬಂದಾಗ ದಶರಥ ದುರ್ಬೀನು ಕಣ್ಣಿಗೆ ಒತ್ತಿಕೊಂಡು ಎಲೆ ನೋಡುತ್ತಿದ್ದ. ವಿಷಯ ಕೇಳಿ, ಕಂಬಳಿ ತರಲು ಹೋಗಿರಬೇಕು ಎಂದ. ಮನೆಯಲ್ಲಿ ಹನ್ನೊಂದು ಕಂಬಳಿ ಇಟ್ಟುಕೊಂಡವರು ಕೂಸಿಗೆ ಭೇದಿಯಾದ ಮರುದಿನ ಹನ್ನೆರಡನೆಯದಕ್ಕೆ ಹೋಗುತ್ತಾರೇನು ಎಂದಳು ಹೊಳೆವ್ವ. ಅವನು ದುರ್ಬೀನು ಇಳಿಸದೆ ಉತ್ತರ ಕೊಟ್ಟ:

"ಹಾಕಿಸಿದ್ರೂ ಏನಾಕೈತಿ? ನನಗೂ ಹಾಕ್ಯಾರ. ನಾ ಸತ್ತೇನೇನು?"

ಈ ಮಾತು ಅವಳು ಮೊದಲೂ ಕೇಳಿದ್ದಳು. ಪ್ರತಿಸಲ ಅದಕ್ಕೆ ತಿರುಗೇಟು ಹುಡುಕಿ ಸೋತಿದ್ದಳು. ಎದುರಿಗೆ ಎಂಬತ್ತು ಕಿಲೋ ತೂಗುವ ಗಂಡಸು ಸಾಕ್ಷಿಗೆ ನಿಂತಾಗ ಏನು ಹೇಳುವುದು.

ಉತ್ತರ ಅದೇ ದಿನ ಸಂಜೆಯ ಮುಂದೆ ಸಿಕ್ಕಿತು. ತೋಟದ ಅತಿಥಿಗಳೆಲ್ಲ ಝರಿಯ ಮಡುವಿನಲ್ಲಿ ಸ್ನಾನ ಮಾಡುವುದು ಅಲ್ಲಿಯ ಪದ್ಧತಿ. ದಶರಥ ಟವೆಲ್ ಸುತ್ತಿಕೊಂಡು ನೀರಿನಿಂದ ಮೇಲೆ ಬಂದ. ದಂಡೆಯ ಕಲ್ಲಿನ ಮೇಲೆ ಪುಣೆಯಿಂದ ಬಂದಿದ್ದ ವಯಸ್ಸಾದ ಡಾಕ್ಟರಬಾಯಿ ಗಂಡನೊಂದಿಗೆ ಕೂತಿದ್ದಳು. ಇಬ್ಬರೂ ಮಂಗಟ್ಟೆ ಹಕ್ಕಿಗಳನ್ನು ನೋಡಲೆಂದೇ ಬಂದವರು. ನಾಲ್ಕು ದಿನದಿಂದ ಕತ್ತು ಮೇಲೆತ್ತಿ ಕಾಯುತ್ತಿದ್ದರು. ಜಮಖಂಡಿಯವರಿಗೆ ಮರಾಠಿ ಬರುತ್ತದೆ ಎಂದು ತಿಳಿದಾಗಿನಿಂದ ಅವಳಿಗೆ ಮಾತಿಗೆ ಜನ ಸಿಕ್ಕಂತಾಗಿತ್ತು. ಅವಳು ದಶರಥನ ಹೊಟ್ಟೆ ನೋಡಿ, ಇದೇನು ಎಂದು ಸರಳವಾಗಿ ಕೇಳಿದಳು.

ದಶರಥ ತಟ್ಟನೆ ಟವೆಲ್ ಮೇಲೆಳೆದ. ಅಪೆಂಡಿಕ್ಸ್ ಆಪರೇಷನ್ ಎಂದ.

ನಾಲ್ಕು ಸಲ ಆಯಿತೇ ಎಂದು ಕೇಳಿದಳು ಡಾಕ್ಟರಬಾಯಿ. ಮುಖದಲ್ಲಿ ನಗುವಿರಲಿಲ್ಲ. ಮೂವತ್ತು ವರ್ಷ ಮಕ್ಕಳ ಡಾಕ್ಟರಾಗಿದ್ದೆ ಎಂದು ಹೇಳಿ, ಹೊಳೆವ್ವನ ಕಡೆ ತಿರುಗಿದಳು.

"ಬದುಕಿದವರ ಮೈಮೇಲಷ್ಟೇ ಈ ಕಲೆ ನಮಗೆ ಕಾಣಿಸೋದು, ಮಗಳೇ. ಉಳಿಯದ ಮಕ್ಕಳನ್ನ ತೋರಿಸೋಕೆ ಯಾರೂ ಇರೋದಿಲ್ಲ."

ಬುಟ್ಟಿಯಲ್ಲಿ ಮೇಲೆ ಹೋಗುವಾಗ ದಶರಥ ಒದ್ದೆ ಮೈಮೇಲೆ ಬನಿಯನ್ನು, ಬನಿಯನ್ನಿನ ಮೇಲೆ ಅಂಗಿ, ಅಂಗಿಯ ಗುಂಡಿ ಕುತ್ತಿಗೆಯ ತನಕ ಹಾಕಿಕೊಂಡಿದ್ದ. ಮೇಲೆ ತಲುಪಿದ ಕೂಡಲೆ ಹೊಳೆವ್ವ ಎದುರು ನಿಂತಳು.

"ನನ್ನ ಮುಂದ ಸತ್ತೇನೇನು ಅಂತೀರಿ. ಡಾಕ್ಟರಬಾಯಿ ಮುಂದ ಆಪರೇಷನ್. ಹೇಳಾಕ ನಿಮಗ ನಾಚಿಕಿ ಬರೂದನ್ನ ನನ್ನ ಕೂಸಿನ ಮೈಮ್ಯಾಲ ಯಾಕ ಬರಸ್ತೀರಿ?"

"ನಾ ಎಲ್ಲಿ ಬರಸಾಕತ್ತೇನಿ?"

"ಅವತ್ತ ಒಳಗ ಹೋಗಿ ನಿಮ್ಮವ್ವಗ ಏನ ಹೇಳಿದ್ರಿ? ಖರೆ ಹೇಳ್ರಿ."

ದಶರಥ ಕಾರ್ಡು ನೋಡಿದ, ಕಂದೀಲು ನೋಡಿದ.

"ನೀರ ಕುಡದ ಬಂದೆ," ಎಂದ.

ಮಾಡಿದ ಕೆಲಸದ ಪೂರ್ತಿ ಲೆಕ್ಕ ಅದು. ಕೌಂಟರಿನ ಹಿಂದೆ ಕೂತು ದಿನಕ್ಕೆ ಇನ್ನೂರು ಜನರ ಮೇಲೆ ರೇಗುವ ಗಂಡಸು, ಅವ್ವನೆದುರು ಒಂದು ವಾಕ್ಯ ಉಚ್ಚರಿಸಲಾರದೆ ನೀರು ಕುಡಿದು ಬಂದಿದ್ದ. ಹೊಳೆವ್ವ ಆಗಿಂದಾಗಲೇ ಹೊರಡೋಣ ಎಂದಳು. ಜೀಪು ಬೆಳಿಗ್ಗೆ ಮಾತ್ರ ಹೋಗುತ್ತದೆ, ಗಿಡದ ಮನೆ ಭಾನುವಾರದವರೆಗೆ ಬುಕ್ಕಾಗಿದೆ, ನಾಳೆ ಪೋಸ್ಟಾಫೀಸಿಗೆ ನಾನೇ ಫೋನು ಮಾಡಿ ಹೇಳುತ್ತೇನೆ ಎಂದ ದಶರಥ. ಫೋನಿನಲ್ಲಿ ಹೇಳುವ ಗಂಡಸೇ ಇವನು ಎಂದುಕೊಂಡು ಅವಳು ಸೀರೆಗಳನ್ನು ಮಡಿಸಿ ಚೀಲಕ್ಕೆ ತುಂಬತೊಡಗಿದಳು.

ಶುಕ್ರವಾರ ಸೂರ್ಯ ಆಗಷ್ಟೇ ಮೇಲೆ ಬಂದಿದ್ದ. ಎದುರಿಗೊಂದು ದೊಡ್ಡ ಅತ್ತಿಯ ಮರ, ತುಂಬ ಹಣ್ಣು. ಅದರ ಕೆಳಗೆ ಮರೆ ಕಟ್ಟಿ ಪುಣೆಯವರು ಸೇರಿದಂತೆ ಒಂಬತ್ತು ಜನ ಉಸಿರು ಬಿಗಿಹಿಡಿದು ಕೂತಿದ್ದರು. ದಶರಥ ಅರೆನಿದ್ದೆಯಲ್ಲಿ ಗೋಡೆಗೆ ಆನಿಕೊಂಡು ಚಹಾ ಕುಡಿಯುತ್ತಿದ್ದ. ಆಗ ಗುಡ್ಡದ ಆಚೆಯಿಂದ ರೆಕ್ಕೆಗಳ ಸಪ್ಪಳ ಬಂತು, ಉಗಿಬಂಡಿ ಏದುಸಿರು ಬಿಟ್ಟಂಥ ಸಪ್ಪಳ. ಹದಿನೈದು ಇಪ್ಪತ್ತು ಮಂಗಟ್ಟೆಗಳು, ಒಂದೊಂದೂ ಕೂಸಿನಷ್ಟು ದೊಡ್ಡವು, ಹಳದಿ ಕೊಕ್ಕು ಚಾಚಿಕೊಂಡು ಬಂದು ಅತ್ತಿಯ ಮರದ ಮೇಲೆ ಇಳಿದು ಹಣ್ಣಿಗೆ ಬಾಯಿ ಹಾಕಿದವು.

ದಶರಥ ಯೋಚನೆ ಮಾಡಿದ್ದರೆ ಏನೂ ಆಗುತ್ತಿರಲಿಲ್ಲ. ಅವನು ಮಾಡಲಿಲ್ಲ, ಅವನ ಕೈಕಾಲು ಮಾಡಿದವು. ಕಪ್ಪು ಕೆಳಗೆ ಬಿತ್ತು. ಹೆಗಲ ಮೇಲಿನ ಟವೆಲ್ ಎರಡು ಮಡಿಕೆಯಾಯಿತು. ಹಣ್ಣಿನ ಬುಟ್ಟಿಯ ಲಿಂಬೆಹಣ್ಣು ಅದರ ಮಡಿಲಿಗೆ ಬಂತು. ತಲೆಯ ಮೇಲೆ ಮೂರು ಸುತ್ತು ತಿರುಗಿಸಿ ಒಂದು ತುದಿ ಬಿಟ್ಟ. ಲಿಂಬೆಹಣ್ಣು ಸುಂಯ್ ಎಂದು ಹೋಗಿ ಅತ್ತಿಯ ಟೊಂಗೆಗೆ ಬಡಿಯಿತು. ಜೊತೆಗೆ ಗಂಟಲಿನಿಂದ, ಬ್ಯಾಂಕಿನ ಯಾರೂ ಎಂದೂ ಕೇಳದ ಒಂದು ಕೂಗು ಎದ್ದಿತು. "ಹಾಹೋ... ಹೋ ಹೋ ಹೋಯ್..." ಇಡೀ ಕಣಿವೆ ಅದನ್ನು ತಿರುಗಿ ಕೂಗಿತು. ಹುಬ್ಬಳ್ಳಿಯ ಸ್ಟೇಶನ್ನಿನಲ್ಲಿ ಬೆಳೆದ ಹೊಳೆವ್ವ ಇಂಜಿನ್ನಿನ ಸೀಟಿಯಲ್ಲೂ ಅಂಥ ಜೋರು ಕೇಳಿರಲಿಲ್ಲ. ಎರಡನೆಯ ಲಿಂಬೆಹಣ್ಣಿಗೆ ಮಂಗಟ್ಟೆಗಳು ಬುಸುಗುಡುತ್ತ ಎದ್ದು, ಗುಡ್ಡ ದಾಟಿ ಕಾಣದಾದವು.

"ಹೋದ್ವು ನೋಡು," ಎಂದ ದಶರಥ, ಮುಖ ಅರಳಿಸಿಕೊಂಡು.

ಕೆಳಗೆ ಮರೆಯಿಂದ ಒಂಬತ್ತು ಮುಖಗಳು ಒಂದೊಂದಾಗಿ ಮೇಲಕ್ಕೆ ತಿರುಗಿದವು. ಆಗ ಅವನಿಗೆ ಗೋಡೆಯ ಕಾರ್ಡು ಕಾಣಿಸಿತು. ಹೊಳೆವ್ವ ಮಣ್ಣುಬಣ್ಣದ ಶಾಲಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು, ಜಮಖಂಡಿ ಬಿಟ್ಟ ಮೇಲೆ ಮೊದಲ ಸಲ.

ಮ್ಯಾನೇಜರ ಬಂದಾಗ ಪಿಸುಮಾತು ಮರೆತಿದ್ದ. ಇಂಥ ಅತಿಥಿಯನ್ನು ತಾನು ಕಂಡಿಲ್ಲ. ಆಫೀಸಿನ ಹಿಂದಿನ ಕೋಣೆಗೆ ಇಳಿಯಬೇಕು, ಇಲ್ಲವೇ ಒಂಬತ್ತಕ್ಕೆ ಜೀಪು ಇದೆ ಎಂದ. ದಶರಥ, ಅಭ್ಯಾಸಬಲ, ನಮ್ಮದು ಮೂಲತಃ ಒಕ್ಕಲುತನ ಎಂದು ಇಂಗ್ಲಿಷಿನಲ್ಲಿ ಶುರುಮಾಡಿದ. ಹೊಳೆವ್ವ ನಡುವೆ ಬಾಯಿ ಹಾಕಿ, ಜೀಪು ಕಳಿಸಿ ಎಂದಳು. ಚೀಲ ಹಿಂದಿನ ಸಂಜೆಯೇ ತುಂಬಿತ್ತು. ಕೆಂಪು ಸೀರೆಯ ಮೇಲಿನ ಶಾಲು ತೆಗೆದು ಮಡಿಸಿ ಮ್ಯಾನೇಜರನ ಕೈಯಲ್ಲಿಟ್ಟಳು. ಪುಣೆಯ ಡಾಕ್ಟರಬಾಯಿ ಅವರ ಕಡೆ ನೋಡಲೂ ಇಲ್ಲ. ಅವಳ ನಾಲ್ಕು ದಿನ ಗುಡ್ಡದ ಆಚೆ ಹಾರಿಹೋಗಿದ್ದವು.

ಮೈಸೂರು ದಾಟಿದ ಮೇಲೆ ದಶರಥನ ಸಿಟ್ಟು ಹೊರಬಿತ್ತು. ತಿನ್ನಲು ಬಂದ ಹಕ್ಕಿಯನ್ನು ಯಾರಾದರೂ ನೋಡುತ್ತ ಕೂಡುತ್ತಾರೆಯೇ, ಹಣ್ಣೆಲ್ಲ ಹಾಳಾಗುತ್ತಿತ್ತು, ಇವರಿಗೆ ಒಂದು ಎಕರೆ ಜೋಳ ಕಾಯಲು ಹಚ್ಚಬೇಕು ಎಂದೆಲ್ಲ ಕಿಟಕಿಗೆ ಹೇಳಿಕೊಂಡ. ಹೊಳೆವ್ವ ಕೇಳಿಸಿಕೊಳ್ಳುತ್ತಿರಲಿಲ್ಲ. ಅವಳು ಬಸ್ಸಿನ ವೇಳೆಗಳನ್ನು ಬೆರಳಿನ ಮೇಲೆ ಎಣಿಸುತ್ತಿದ್ದಳು. ರಾತ್ರಿ ಬಸ್ಸು ಹುಬ್ಬಳ್ಳಿಗೆ ಬೆಳಗಾಗುವಾಗ ಮುಟ್ಟಿದರೆ, ಮುಧೋಳದ ಮೇಲೆ ಹೋಗುವ ಮೊದಲ ಬಸ್ಸು ಸಿಕ್ಕರೆ, ಮಧ್ಯಾಹ್ನಕ್ಕೆ ಮೊದಲು ಹುನ್ನೂರು. ಸಿಗದಿದ್ದರೆ ಸಂಜೆ. ಹುಲೆಪ್ಪ ಅಮಾವಾಸ್ಯೆಯ ದಿನ ಎಷ್ಟು ಹೊತ್ತಿಗೆ ಸಳಿ ಕಾಯಿಸುತ್ತಾನೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅತ್ತೆಗೆ ಹೇಳಬೇಕಾದ ಮಾತುಗಳನ್ನು ಸಾಲಾಗಿ ಜೋಡಿಸಿಕೊಂಡಳು. ಸೋಂಕು, ನಂಜು, ಧನುರ್ವಾಯು, ಪೊಲೀಸು. ಕಡೆಗೆ ಬೇಕಾದರೆ ಇರಲಿ ಎಂದು ನಾಲ್ಕು ಇಂಗ್ಲಿಷ್ ವಾಕ್ಯವನ್ನೂ.

ಶನಿವಾರ ಹನ್ನೊಂದೂವರೆಗೆ ಅವರು ಅಂಗಳಕ್ಕೆ ಬಂದಾಗ ಕುಳ್ಳಿನ ಕೆಂಡ ನಿಗಿನಿಗಿ ಉರಿಯುತ್ತಿತ್ತು. ಅದರ ಮುಂದೆ ಹುಲೆಪ್ಪ ಕುಕ್ಕರಗಾಲಲ್ಲಿ ಕೂತು ಸಳಿ ತಿರುವುತ್ತಿದ್ದ. ನೆರೆಮನೆಯ ಲಗಮಣ್ಣ ಅಂಗಿಯ ತೋಳು ಮೇಲೆ ಮಡಚಿ ನಿಂತಿದ್ದ. ಲಗಮವ್ವನ ತೊಡೆಯ ಮೇಲೆ ಅನ್ನವ್ವ. ತಾಯಿಯನ್ನು ನೋಡಿದ್ದೇ ಕೂಸು ಎರಡೂ ಕೈ ಚಾಚಿ ಅಳಲು ಶುರುಮಾಡಿತು.

ಲಗಮವ್ವನ ಮುಖದಲ್ಲಿ ಕದ್ದು ಸಿಕ್ಕಿಬಿದ್ದವಳ ಛಾಯೆ ಒಂದಿಷ್ಟೂ ಇರಲಿಲ್ಲ. ಸಂತೋಷವೇ ಇತ್ತು.

"ಛಲೋ ಆತ ಬಂದ್ಯಲ್ಲ ಮಗನ. ಕೂಸಿನ ಕಾಲ ಮನಿ ಗಂಡಸ ಹಿಡೀಬೇಕು. ನಿಮ್ಮಪ್ಪ ಕುರಿ ಹಿಂದ ಚಿಕ್ಕಪಡಸಲಗಿ ಕಡೆ ಹೋಗ್ಯಾನ. ಗತಿ ಇಲ್ಲದ ಲಗಮಣ್ಣಗ ಕರದಿದ್ದೆ. ಬಾ, ಕುಂಡ್ರು."

ಹೊಳೆವ್ವ ಬಾಯಿ ತೆರೆದಳು. ಸೋಂಕು ಎಂಬ ಮೊದಲ ಶಬ್ದ ನಾಲಿಗೆಯ ತುದಿಯಲ್ಲಿತ್ತು. ಅದಕ್ಕೆ ಮುಂಚೆ ದಶರಥ ಮಾತಾಡಿದ.

"ನಾ ಹಿಡಿಯಂಗಿಲ್ಲವ್ವಾ."

ಏನೆಂದ ಎಂದು ಲಗಮವ್ವ ಸುತ್ತಲಿನವರ ಮುಖ ನೋಡಿದಳು. ಹಿಡಿಯದೇ ಏನು, ಏಳು ವರ್ಷದವನಿದ್ದಾಗ ನಿಮ್ಮ ಯಂಕವ್ವನ ಕಾಲು ನೀನೇ ಹಿಡಿದಿದ್ದಿ, ಒಂದಿಷ್ಟೂ ಅಲುಗಾಡಗೊಡಲಿಲ್ಲ, ಹುಲೆಪ್ಪ ಶಾಬಾಷ್ ಅಂದಿದ್ದ ಎಂದು ಹೊಗಳಿದಳು. ಯಂಕವ್ವ ದಶರಥನ ತಂಗಿ, ಬೀಳಗಿಗೆ ಕೊಟ್ಟಿದ್ದರು. ಈ ಸಂಗತಿ ಹೊಳೆವ್ವ ಮದುವೆಯಾದ ಆರು ವರ್ಷದಲ್ಲಿ ಕೇಳಿರಲಿಲ್ಲ.

ದಶರಥ ತನ್ನ ಎರಡೂ ಕೈಗಳನ್ನು ನೋಡಿಕೊಂಡ.

"ಹಿಡದಿದ್ದೆ. ಒಂದ ತಿಂಗಳ ಅಕಿ ನನ್ನ ಕಂಡ್ರ ಅಟ್ಟದ ಕೆಳಗ ಹೋಗಿ ಅಡಕೋತಿದ್ಲು. ಹುಲೆಪ್ಪನ ಕಂಡಲ್ಲ, ನನ್ನ ಕಂಡು. ನಾ ಹಿಡಿಯಂಗಿಲ್ಲ. ಲಗಮಣ್ಣನೂ ಹಿಡಿಯಂಗಿಲ್ಲ."

ಲಗಮಣ್ಣ ಮಡಚಿದ ತೋಳು ಕೆಳಗಿಳಿಸಿದ. ಲಗಮವ್ವ ಆಮೇಲೆ ಬಿಡಲಿಲ್ಲ. ಗಿಡ ಹತ್ತಿ ಬಂದು ದೊಡ್ಡವನಾದ, ಹೆಂಡತಿ ಹೇಳಿಕೊಟ್ಟ ಪಾಠ ಒಪ್ಪಿಸುತ್ತಾನೆ, ನಾಳೆ ಕೂಸಿಗೆ ಏನಾದರೂ ಆದರೆ ನನ್ನ ಹೆಸರು ತರಬೇಡ, ಐದು ಹಡೆದವಳಿಗೆ ಬುದ್ಧಿ ಹೇಳಲು ಬಂದ ಶಾಣ್ಯಾ ಎಂದು ಓಣಿಗೆಲ್ಲ ಕೇಳುವಂತೆ ಅಂದಳು. ದಶರಥ ಒಂದಕ್ಕೂ ಎದುರಾಡಲಿಲ್ಲ. ಆದರೆ ನೀರು ಕುಡಿಯಲು ಒಳಗೂ ಹೋಗಲಿಲ್ಲ. ಕೆಂಡದ ಮತ್ತು ಕೂಸಿನ ನಡುವೆ, ಕುತ್ತಿಗೆಯ ತನಕ ಗುಂಡಿ ಹಾಕಿದ ಅಂಗಿಯಲ್ಲಿ ಬೆವರುತ್ತ ನಿಂತೇ ಇದ್ದ.

ಹುಲೆಪ್ಪನೇ ಕೊನೆಗೆ ಎದ್ದ. ಹೆತ್ತಪ್ಪ ಒಲ್ಲೆ ಎಂದ ಕೂಸಿಗೆ ತಾನು ಸಳಿ ಮುಟ್ಟಿಸುವುದಿಲ್ಲ ಎಂದು ಹೇಳಿ, ಇನ್ನೂ ಎರಡು ಮನೆಗೆ ಹೋಗುವುದಿದೆ ಎಂದು ಸಳಿಯನ್ನು ಅರಿವೆಯಲ್ಲಿ ಸುತ್ತಿಕೊಂಡು ನಡೆದ. ಆ ಎರಡು ಮನೆ ಯಾರವು ಎಂದು ಹೊಳೆವ್ವ ಕೇಳಬೇಕೆಂದುಕೊಂಡಳು, ಕೇಳಲಿಲ್ಲ. ಆ ದಿನ ಅವಳಿಗೆ ತನ್ನದಷ್ಟೇ ಸಾಕಾಗಿತ್ತು.

ಅವಳು ಅತ್ತೆಯ ತೊಡೆಯಿಂದ ಮಗಳನ್ನು ಎತ್ತಿಕೊಂಡಳು. ಗಂಡನಿಗೆ ಒಳ್ಳೆಯ ಮಾತೊಂದು ಹೇಳಬಹುದಿತ್ತು. ನಾಲ್ಕು ದಿನದ ಮೊದಲು ಆಡಬೇಕಾದ ವಾಕ್ಯವನ್ನು ಈಗ ಆಡಿದವನಿಗೆ ಏನು ಹೇಳುವುದು? ಕಟ್ಟೆಯ ಮೇಲೆ ಕೂತು ಕೂಸಿನ ಝಬಲಾ ಎತ್ತಿದಳು. ಉಬ್ಬಿದ, ಬೆಳ್ಳಗಿನ, ನುಣ್ಣಗಿನ ಹೊಟ್ಟೆ. ಬೆರಳಿನಿಂದ ಹೊಕ್ಕಳ ಸುತ್ತ ಒಂದು ಸುತ್ತು ಸವರಿದಳು, ನಂಬಿಕೆ ಸಾಲದೆ ಮತ್ತೊಂದು ಸುತ್ತು. ಆಮೇಲೆ ಚೀಲದ ತಳದಿಂದ ಥರ್ಮಾಮೀಟರ್ ತೆಗೆದು ಜಾಡಿಸಿ ಮಗಳ ಕಂಕುಳಲ್ಲಿಟ್ಟು, ದಶರಥನಿಗೆ ಜಮಖಂಡಿಯ ಡಾಕ್ಟರು ಅಮಾವಾಸ್ಯೆಗೆ ದವಾಖಾನೆ ತೆರೆದಿರುತ್ತಾರೋ ಇಲ್ಲವೋ ಎಂದು ಪೋಸ್ಟಾಫೀಸಿನಿಂದ ಫೋನು ಮಾಡಿ ಕೇಳಿ ಬರಲು ಹೇಳಿದಳು.

ಅವನು ಹೋದ.